ಅಮ್ಮನ ಮೂಳೆಗೆ ಮೈನಸ್ ಮಾರ್ಕ್ಸು

ಇಲ್ಲಿ ಏನೂ ಬರೆಯದೆ ಎಷ್ಟೋ ತಿಂಗಳಾಯ್ತು. ಆಫೀಸು, ರಿಲೀಸು, ಟ್ರಾಫಿಕ್ಕು ಅಂತ ನೆಪ ಹೇಳಬಹುದು, ನೀವೂ ನಂಬುತ್ತೀರಿ (ಯಾಕಂದ್ರೆ ನೀವೂ ಅದೇ ನೆಪ ಹೇಳೋರು :)). ಆದರೆ ನಿಜವಾದ ಕಾರಣ ಅಮ್ಮನ ಮೂಳೆ. ಎರಡು ವರ್ಷ ತಪ್ಪದೇ ಮಾತ್ರೆ ನುಂಗಿದ ಮೇಲೂ ಅದು ಒಂದಿಷ್ಟೂ ಗಟ್ಟಿಯಾಗಿಲ್ಲ ಅಂತ 2025ರ ಜನವರಿಯಲ್ಲಿ ರಿಪೋರ್ಟು ಬಂತು. ಆಮೇಲೆ ಓದಿದ್ದು, ಡಾಕ್ಟರನ್ನು ಕೇಳಿದ್ದು, ಮನೆಯಲ್ಲಿ ವಾದ ಮಾಡಿದ್ದು ಎಲ್ಲಾ ಸೇರಿ ತಲೆಯಲ್ಲೊಂದು ಗಂಟಾಗಿ ಕೂತಿದೆ. ಅದನ್ನಿವತ್ತು ಬಿಚ್ಚೋಣ ಅಂತ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು.

ನಮ್ಮ ಕಗ್ಗದಾಸಪುರ ಗೊತ್ತಿಲ್ಲದವರಿಗೆ ಒಂದು ಮಾತು. ಸಿ.ವಿ. ರಾಮನ್ ನಗರಕ್ಕೆ ಅಂಟಿಕೊಂಡಿದೆ. ಒಂದು ಕಡೆ ಬಾಗ್ಮನೆ ಟೆಕ್ ಪಾರ್ಕು, ಇನ್ನೊಂದು ಕಡೆ ಡಿಆರ್‌ಡಿಓ, ಮಧ್ಯೆ ಒಂದು ಕೆರೆ, ಒಂದು ರೈಲ್ವೆ ಗೇಟು. ಮಿಕ್ಕ ಜಾಗದಲ್ಲೆಲ್ಲ ಒಂದಕ್ಕೊಂದು ಹೆಗಲು ತಾಗಿಸಿ ನಿಂತ ಬಿಲ್ಡಿಂಗುಗಳು. ಅಂಥದ್ದೊಂದರ ಮೂರನೇ ಮಹಡಿಯಲ್ಲಿ ನಾವಿದ್ದೇವೆ. ಲಿಫ್ಟ್ ಇಲ್ಲ. ಅಪ್ಪ ಹೋದ ಮೇಲೆ ಅಮ್ಮ ಚಿಂತಾಮಣಿ ಕಡೆಯ ನಮ್ಮೂರು ಬಿಟ್ಟು ನನ್ನ ಜೊತೆ ಇರೋಕೆ ಬಂದಳು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗವೆಲ್ಲ ನೀರಲ್ಲಿ ನಿಂತಿತ್ತಲ್ಲ, ಅದೇ ಮಳೆಯ ದಿನಗಳಲ್ಲಿ ಸೊಪ್ಪು ತರೋಕೆ ಅಂತ ಕೆಳಗಿಳಿದವಳು ಚರಂಡಿ ಮುಚ್ಚಿದ ಕಲ್ಲು ಚಪ್ಪಡಿಯ ಮೇಲೆ ಜಾರಿದಳು. ಬೀಳುವಾಗ ಕೈ ಊರಿದಳು, ಮಣಿಕಟ್ಟು ಮುರಿಯಿತು. ಆಗವಳಿಗೆ ಐವತ್ತಾರು.

ಮೊದಲು ಹೋದ ಕಡೆ ಪಟ್ಟಿ ಹಾಕಿ, "ವಯಸ್ಸಾಯ್ತಲ್ಲ, ಹುಷಾರಾಗಿ ಓಡಾಡಿ" ಅಂದು ಕಳಿಸಿದರು. ಪಟ್ಟಿ ಬಿಚ್ಚಿಸೋಕೆ ಹೋದಾಗ ಇದ್ದವರು ಬೇರೆ ಡಾಕ್ಟರು, ಹೆಂಗಸು. ಅವರು ಕೈಗಿಂತ ಹೆಚ್ಚಾಗಿ ಅಮ್ಮನನ್ನೇ ನೋಡಿದರು. "ಅಮ್ಮಾ, ನಿಂತ ಎತ್ತರದಿಂದ ಬಿದ್ದರೆ ಮೂಳೆ ಮುರೀಬಾರದು. ನಿಮಗೆ ಮುಟ್ಟು ನಿಂತಿದ್ದು ಎಷ್ಟನೇ ವಯಸ್ಸಿಗೆ?" ಅಮ್ಮ ನನ್ನ ಮುಖ ನೋಡಿದಳು. ನಾನು ಬಾಗಿಲ ಕಡೆ ನೋಡಿದೆ. "ನಲವತ್ತೊಂದಕ್ಕೆ ಗರ್ಭಕೋಶ ತೆಗೆಸಿದ್ವಿ, ಅಂಡಾಶಯಾನೂ ಸೇರಿಸಿ ತೆಗೆದ್ರು" ಅಂದಳು. ನಮ್ಮ ಕಡೆ ಹಳ್ಳಿಗಳಲ್ಲಿ ಇದು ಎಷ್ಟು ಸಾಮಾನ್ಯ ಅಂದ್ರೆ, ಅಮ್ಮನ ಓರಗೆಯವರಲ್ಲಿ ನಾಲ್ಕೈದು ಜನ ಹೀಗೇ ತೆಗೆಸಿಕೊಂಡಿದ್ದಾರೆ. ಅಂಡಾಶಯದಿಂದ ಬರುವ ಈಸ್ಟ್ರೋಜೆನ್ ಹೆಂಗಸರ ಮೂಳೆಯನ್ನು ಕಾಯುವ ಕಾವಲುಗಾರ. ಅದು ಹತ್ತು ವರ್ಷ ಮೊದಲೇ ಹೊರಟುಹೋದರೆ ಮೂಳೆಯ ಸವಕಳಿಯೂ ಹತ್ತು ವರ್ಷ ಮೊದಲೇ ಶುರುವಾಗುತ್ತದೆ. ಇದನ್ನು ಆಪರೇಷನ್ ಮಾಡಿದವರು ಯಾರೂ ಹೇಳಿರಲಿಲ್ಲ.

ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಮಂಚದ ಮೇಲೆ ಮಲಗಿಸಿ, ಎರಡು ಬಗೆಯ ಎಕ್ಸ್-ರೇ ಹಾಯಿಸಿ, ಮೂಳೆಯ ಸಾಂದ್ರತೆ ಅಳೆಯುತ್ತಾರೆ. ಬರುವ ಫಲಿತಾಂಶಕ್ಕೆ ಟಿ-ಸ್ಕೋರ್ ಅಂತ ಹೆಸರು. ಆರೋಗ್ಯವಾಗಿರುವ ಯುವತಿಯರ ಸರಾಸರಿ ಮೂಳೆಗೆ ಸೊನ್ನೆ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಶನ್ ಕೆಳಗಿದ್ದೀರಿ ಅನ್ನೋದೇ ಸ್ಕೋರು (ಕಾಲೇಜಲ್ಲಿ ಎಂ-4 ಪೇಪರಿಗೆ ಓದಿದ್ದು ಇಲ್ಲಿ ಕೆಲಸಕ್ಕೆ ಬಂತು). ಮೈನಸ್ ಒಂದರವರೆಗೆ ಪರವಾಗಿಲ್ಲ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್. ಈ ಗೆರೆ ಎಳೆದದ್ದು ವಿಶ್ವ ಆರೋಗ್ಯ ಸಂಸ್ಥೆ, 1994ರಲ್ಲಿ. ಅಮ್ಮನದು ಬೆನ್ನಲ್ಲಿ ಮೈನಸ್ 2.8, ತೊಡೆಮೂಳೆಯ ಕತ್ತಿನಲ್ಲಿ ಮೈನಸ್ 2.5. "ಮೈನಸ್ ಮಾರ್ಕ್ಸು ಕೊಡೋ ಪರೀಕ್ಷೆ ಇದೇ ಮೊದಲು ನೋಡಿದ್ದು ಕಣೋ" ಅಂದಳು ಅಮ್ಮ.

2023ರ ಜನವರಿಯಿಂದ ಮಾತ್ರೆ ಶುರುವಾಯ್ತು. ಅಲೆಂಡ್ರೊನೇಟ್ 70 ಮಿಲಿಗ್ರಾಂ, ವಾರಕ್ಕೊಂದು. ಇದನ್ನು ನುಂಗೋದು ಒಂದು ವ್ರತ ಇದ್ದ ಹಾಗೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಬರೀ ನೀರಲ್ಲಿ, ಅದೂ ಒಂದು ದೊಡ್ಡ ಲೋಟ ತುಂಬಾ. ಆಮೇಲೆ ಕನಿಷ್ಠ ಅರ್ಧ ಗಂಟೆ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಮಲಗುವಂತಿಲ್ಲ. ಮಲಗಿದರೆ ಅನ್ನನಾಳ ಸುಡಬಹುದು. ಎಷ್ಟೇ ನೇಮದಿಂದ ನುಂಗಿದರೂ ಮೈಗೆ ಹತ್ತುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ! ಕಾಫಿ ಜೊತೆ ತಗೊಂಡರೆ ಆ ಒಂದು ಪಾಲಿನಲ್ಲೂ ಶೇಕಡಾ 60ರಷ್ಟು ಹೋಯ್ತು. ಎದ್ದ ತಕ್ಷಣ ಕಾಫಿ ಕುಡಿಯದಿದ್ದರೆ ಅಮ್ಮ ಅಮ್ಮನೇ ಅಲ್ಲ. ಆದರೂ ಭಾನುವಾರ ಬಂತೆಂದರೆ ಮಾತ್ರೆ ನುಂಗಿ, ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಡಿಯಾರ ನೋಡುತ್ತಿದ್ದಳು. ಎರಡು ವರ್ಷ, ನೂರನಾಲ್ಕು ಭಾನುವಾರ. ಒಂದನ್ನೂ ತಪ್ಪಿಸಲಿಲ್ಲ.

ಅಂದ ಹಾಗೆ, ಈ ಔಷಧಿಯ ವಂಶ ತಮಾಷೆಯಾಗಿದೆ. ನಮ್ಮ ಏರಿಯಾದಲ್ಲಿ ಬೋರ್‌ವೆಲ್ ನೀರು, ಟ್ಯಾಂಕರ್ ನೀರೇ ಜಾಸ್ತಿ. ಬಕೆಟ್ಟು, ನಲ್ಲಿ, ಗೀಸರ್ ಕಾಯಿಲ್ ಎಲ್ಲದಕ್ಕೂ ಬಿಳಿ ಪೊರೆ ಕಟ್ಟುತ್ತೆ, ಅದು ಕ್ಯಾಲ್ಸಿಯಂ. ಪೈಪುಗಳಲ್ಲಿ ಹೀಗೆ ಪೊರೆ ಕಟ್ಟದ ಹಾಗೆ ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ರಾಸಾಯನಿಕಗಳ ಬಳಗವೇ ಬಿಸ್‌ಫಾಸ್ಫೊನೇಟ್. ಕ್ಯಾಲ್ಸಿಯಂ ಕಂಡರೆ ಹೋಗಿ ಅಂಟಿಕೊಳ್ಳುವುದು ಇದರ ಗುಣ. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಎಂಬ ವೈದ್ಯ ವಿಜ್ಞಾನಿ ಮತ್ತವರ ಜೊತೆಗಾರರು ಇದು ಮೂಳೆಗೂ ಅಂಟಿಕೊಂಡು, ಮೂಳೆ ಕರಗುವುದನ್ನು ತಡೆಯುತ್ತದೆ ಅಂತ ಕಂಡುಕೊಂಡರು. ನಮ್ಮ ಮೂಳೆಯಲ್ಲಿ ಹಳೆಯದನ್ನು ಕೆರೆದು ತೆಗೆಯುವ ಜೀವಕೋಶಗಳು ಬೇರೆ, ಹೊಸದನ್ನು ತುಂಬುವ ಜೀವಕೋಶಗಳು ಬೇರೆ. ಅಲೆಂಡ್ರೊನೇಟ್ ಮಾಡೋದು ಕೆರೆಯುವವರ ಕೈ ಕಟ್ಟುವ ಕೆಲಸ. ಹೊಸ ಗೋಡೆ ಕಟ್ಟುವ ಮೇಸ್ತ್ರಿಯಲ್ಲ ಅದು, ಇದ್ದ ಗೋಡೆ ಕೆಡವದಂತೆ ನಿಂತ ವಾಚ್‌ಮನ್. ಇದು ನನಗೆ ಮೊದಲೇ ಗೊತ್ತಿತ್ತು. ಆದರೂ ನಮ್ಮಿಬ್ಬರ ಮನಸ್ಸಿನಲ್ಲಿ ಇದ್ದದ್ದು ಮೇಸ್ತ್ರಿಯೇ.

ಹಾಗಾಗಿ 2025ರ ಜನವರಿಯಲ್ಲಿ ಅದೇ ಜಾಗ, ಅದೇ ಯಂತ್ರದಲ್ಲಿ ಎರಡನೇ ಸ್ಕ್ಯಾನ್ ಮಾಡಿಸುವಾಗ ಅಮ್ಮ ಒಳ್ಳೆ ರಿಸಲ್ಟ್ ದಿನದ ಹುಡುಗಿಯ ಹಾಗಿದ್ದಳು. ಹೊಸ ಸೀರೆ ಬೇರೆ. ಬಂದದ್ದು: ಬೆನ್ನಲ್ಲಿ ಮೈನಸ್ 2.9. ತೊಡೆಯಲ್ಲಿ ಇದ್ದಲ್ಲೇ ಇದೆ, ಮೈನಸ್ 2.5. ಅಂದರೆ ಬೆನ್ನಿನ ಸಾಂದ್ರತೆ 0.742 ಇದ್ದದ್ದು 0.731 ಆಗಿತ್ತು, ಹತ್ತಿರ ಹತ್ತಿರ ಶೇಕಡಾ ಒಂದೂವರೆ ಇಳಿಕೆ. 1995ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ದಿನಾ ಈ ಮಾತ್ರೆ ತಗೊಂಡವರ ಬೆನ್ನಿನ ಸಾಂದ್ರತೆ, ಬರೀ ಸುಳ್ಳು ಮಾತ್ರೆ ತಗೊಂಡವರಿಗಿಂತ ಮೂರು ವರ್ಷದಲ್ಲಿ ಸರಾಸರಿ ಶೇಕಡಾ 8.8 ಮೇಲಿತ್ತು. ಎಲ್ಲರಿಗೂ ಏರುತ್ತೆ, ಅಮ್ಮನಿಗೆ ಇಳಿದಿದೆ.

ಆಟೋದಲ್ಲಿ ಅಮ್ಮ ಒಂದೇ ಮಾತು ಹೇಳಿದ್ದು. "ನೂರು ಭಾನುವಾರ ಕಾಫಿ ಬಿಟ್ಟಿದ್ದಕ್ಕೆ ಇದಾ ಫಲ? ಇನ್ಮೇಲೆ ನುಂಗಲ್ಲ." ಗೇಟು ಹಾಕಿತ್ತು. ರೈಲು ಹೋಗೋ ತನಕ ಇಬ್ಬರೂ ಸುಮ್ಮನೆ ಕೂತಿದ್ದೆವು.

ಕೋಪ ಅಂದುಕೊಂಡಿದ್ದೆ, ಅದು ಭಯ ಅಂತ ಗೊತ್ತಾಗಿದ್ದು ಆ ವಾರದಲ್ಲಿ. ಅಡುಗೆಮನೆ ಬಾಗಿಲಿನ ಹಿಂದೆ ಏನೋ ಹುಡುಕುವಾಗ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳು ಕಂಡವು. ಚಿಕ್ಕಮಕ್ಕಳ ಎತ್ತರಕ್ಕೆ ಹಾಕ್ತೀವಲ್ಲ, ಹಾಗೆ. ನಮ್ಮ ಮನೆಯಲ್ಲಿ ಚಿಕ್ಕಮಕ್ಕಳಿಲ್ಲ. ಆ ಗೆರೆಗಳು ಅಮ್ಮನ ತಲೆಯ ಎತ್ತರಕ್ಕೇ ಇದ್ದವು. ಕೇಳಿದ್ದಕ್ಕೆ, "ನಿಮ್ಮಜ್ಜಿ ಹೇಗೆ ಕುಗ್ಗಿ ಕುಗ್ಗಿ ಹೋದ್ಲು ಮರೆತೋಯ್ತಾ?" ಅಂದಳು. ಮರೆತಿರಲಿಲ್ಲ. ಅಜ್ಜಿ ಕೊನೆಗೆ ನೆಲ ನೋಡಿಕೊಂಡೇ ಓಡಾಡುತ್ತಿದ್ದಳು. ನಮ್ಮ ಮುಖ ನೋಡಬೇಕೆಂದರೆ ಗೋಡೆ ಹಿಡಿದು ಪಕ್ಕಕ್ಕೆ ತಿರುಗಬೇಕಿತ್ತು. ವಯಸ್ಸಾದವರಿಗೆ ಗೂನು ಬರೋದು ಸಹಜ ಅಂತ ಇಡೀ ಊರೇ ಅಂದುಕೊಂಡಿತ್ತು. ಬೆನ್ನುಮೂಳೆ ಒಂದೊಂದೇ ಸದ್ದಿಲ್ಲದೆ ಕುಸಿದು ಹಾಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಆಮೇಲೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದು, ಮಲಗಿದವಳು ಏಳಲೇ ಇಲ್ಲ. ಅಮ್ಮ ಎರಡು ವರ್ಷದಿಂದ, ನನಗೆ ಗೊತ್ತಾಗದ ಹಾಗೆ, ತಾನೂ ಕುಗ್ಗುತ್ತಿದ್ದೀನಾ ಅಂತ ಬಾಗಿಲಿಗೆ ಬೆನ್ನು ಕೊಟ್ಟು ನೋಡಿಕೊಳ್ಳುತ್ತಿದ್ದಳು. (ಗೆರೆಗಳೆಲ್ಲ ಒಂದರ ಮೇಲೊಂದೇ ಇದ್ದವು. ಕುಗ್ಗಿರಲಿಲ್ಲ. ಅದನ್ನೇನೂ ಅವಳು ಫಲಿತಾಂಶ ಅಂತ ಲೆಕ್ಕಕ್ಕೆ ತಗೊಂಡಿರಲಿಲ್ಲ, ನೋಡಿ!)

ಸುದ್ದಿ ಹರಡಿದ ಮೇಲೆ ಸಲಹೆಗಳ ಮಳೆ. ನಮ್ಮಲ್ಲಿ "ಮೂಳೆ ಸವೆತ" ಅನ್ನೋ ಒಂದೇ ಮಾತಿನಲ್ಲಿ ಎರಡು ಕಾಯಿಲೆ ಹೇಳಿಬಿಡುತ್ತೇವೆ. ಮಂಡಿ ಕೀಲು ಸವೆದು ನೋಯುವುದು ಒಂದು, ಮೂಳೆ ಒಳಗಿಂದ ಟೊಳ್ಳಾಗುವುದು ಇನ್ನೊಂದು. ಮೊದಲನೆಯದು ಹೆಜ್ಜೆಹೆಜ್ಜೆಗೂ ನೋಯುತ್ತದೆ. ಎರಡನೆಯದು ಮುರಿಯುವವರೆಗೆ ಸುಳಿವೇ ಕೊಡುವುದಿಲ್ಲ. ಹಾಗಾಗಿ ಪಕ್ಕದ ಮನೆ ಆಂಟಿ ಮಂಡಿಗೆ ಹಚ್ಚುವ ಎಣ್ಣೆ ತಂದುಕೊಟ್ಟರು. ಕೆಳಗಿನ ಮನೆಯವರು ಶಿವಾಜಿನಗರದಿಂದ ಕಾಲು ಸೂಪು ತರಿಸಿ ಕುಡಿಸಿ ಅಂದರು. ಊರಿಂದ ದೊಡ್ಡಮ್ಮ ಫೋನ್ ಮಾಡಿ, "ಬೆಂಗಳೂರಿಗೆ ಹೋಗಿ ಮುದ್ದೆ ಬಿಟ್ಟಿದ್ದೀಯ, ಅದಕ್ಕೇ" ಅಂದರು. ಅಮ್ಮ ಮುದ್ದೆ ಬಿಟ್ಟಿರಲಿಲ್ಲ. ರಾಗಿಯನ್ನು ನಾನೂ ಬಿಟ್ಟುಕೊಡುವವನಲ್ಲ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2017ರ ಪಟ್ಟಿ ಹೇಳುತ್ತದೆ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು ಅನ್ನೋದು ಐಸಿಎಂಆರ್‌ನ 2020ರ ಲೆಕ್ಕ. ರಾಗಿ, ಹಾಲು, ಮೊಸರು, ಸೊಪ್ಪು ಎಲ್ಲಾ ಬೇಕೇ ಬೇಕು. ಆದರೆ ಅದು ಇಟ್ಟಿಗೆ, ಸಿಮೆಂಟು. ಕೆಡವುವವರು ರಾತ್ರಿ ಹಗಲು ಕೆಡವುತ್ತಿದ್ದರೆ ಇಟ್ಟಿಗೆ ತಂದು ರಾಶಿ ಹಾಕಿ ಏನುಪಯೋಗ?

ಸಲಹೆಗಳನ್ನೆಲ್ಲ ಬದಿಗಿಟ್ಟು ನಾನು ಓದೋಕೆ ಕೂತೆ. ಒಂದಷ್ಟು ದಿನ ರಾತ್ರಿ ಓದಿದ್ದರ ಸಾರ ಇಷ್ಟು.

ಮೊದಲನೆಯದು, ಯಂತ್ರದ ಲೆಕ್ಕ. ಒಬ್ಬರನ್ನೇ ಮಂಚದಿಂದ ಇಳಿಸಿ ಮತ್ತೆ ಮಲಗಿಸಿ ಅಳೆದರೂ ಅದೇ ಅಂಕಿ ಬರುವುದಿಲ್ಲ. ಬೆನ್ನಿನ ಅಳತೆಯಲ್ಲಿ ಶೇಕಡಾ 1.9ರಷ್ಟು ವ್ಯತ್ಯಾಸ ಇದ್ದರೂ ಯಂತ್ರ ನಡೆಸುವವರು ಪಾಸು. ಅಂಥ ಕಡೆ ಎರಡು ಅಳತೆಗಳ ನಡುವೆ ಶೇಕಡಾ 5.3ಕ್ಕಿಂತ ಹೆಚ್ಚು ಅಂತರ ಇದ್ದರೆ ಮಾತ್ರ ಅದನ್ನು ನಿಜವಾದ ಬದಲಾವಣೆ ಅನ್ನಬಹುದು. ಅಮ್ಮನದು ಒಂದೂವರೆ. ಅಂದರೆ "ಇಳಿದಿದೆ" ಅನ್ನುವುದೇ ತಪ್ಪು. "ಏರಿದೆ ಅಂತ ಕಾಣಿಸುತ್ತಿಲ್ಲ" ಅನ್ನಬಹುದು, ಅಷ್ಟೇ. ಕಾಲೇಜಿನ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದವರಿಗೆಲ್ಲ ಗೊತ್ತಿರುವ ವಿಷಯ ಇದು. ಆದರೆ ರಿಪೋರ್ಟಿನಲ್ಲಿ ಅಮ್ಮನ ಹೆಸರಿದ್ದಾಗ ವರ್ನಿಯರ್ ನೆನಪಾಗುವುದಿಲ್ಲ.

ಎರಡನೆಯದು, 2000ದಲ್ಲಿ ಸ್ಟೀವನ್ ಕಮ್ಮಿಂಗ್ಸ್ ಮತ್ತವರ ಜೊತೆಗಾರರು ಪ್ರಕಟಿಸಿದ ಲೇಖನ. ಇದೇ ಅಲೆಂಡ್ರೊನೇಟ್ ತಗೊಂಡು ಮೊದಲ ವರ್ಷ ಸೊಂಟದ ಸಾಂದ್ರತೆ ಶೇಕಡಾ 4ಕ್ಕಿಂತ ಹೆಚ್ಚು ಇಳಿದ ಹೆಂಗಸರನ್ನು ಅವರು ನೋಡಿದರು. ಮಾತ್ರೆ ಮುಂದುವರಿಸಿದಾಗ ಎರಡನೇ ವರ್ಷ ಅವರಲ್ಲಿ ನೂರಕ್ಕೆ 83 ಜನರಿಗೆ ಏರಿತು. ಮೊದಲ ವರ್ಷ ಭರ್ಜರಿ ಏರಿದವರಿಗೆ ಎರಡನೇ ವರ್ಷ ಸ್ವಲ್ಪ ಇಳಿಯಿತು. ಮ್ಯಾಚಿನಲ್ಲಿ ಸೊನ್ನೆಗೆ ಔಟಾದವನು ಮುಂದಿನ ಮ್ಯಾಚಿನಲ್ಲಿ ತನ್ನ ಸರಾಸರಿ ಕಡೆ ಬರುತ್ತಾನಲ್ಲ, ಹಾಗೆ. ಸೊನ್ನೆ ನೋಡಿ ಟೀಮಿನಿಂದ ಕಿತ್ತುಹಾಕಿದ್ದರೆ?

ಮೂರನೆಯದು ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು. ಸಾಂದ್ರತೆ ಏರದಿದ್ದವರಿಗೂ ಮಾತ್ರೆ ಕೆಲಸ ಮಾಡುತ್ತದೆ! 2005ರಲ್ಲಿ ಬಂದ ಇನ್ನೊಂದು ಲೇಖನದ ಪ್ರಕಾರ, ಮಾತ್ರೆ ತಗೊಳ್ಳುತ್ತಲೇ ಶೇಕಡಾ 4ರೊಳಗೆ ಸಾಂದ್ರತೆ ಕಳೆದುಕೊಂಡ ಹೆಂಗಸರಲ್ಲೂ ಬೆನ್ನುಮೂಳೆಯ ಮುರಿತ, ಸುಳ್ಳು ಮಾತ್ರೆ ತಗೊಂಡು ಅಷ್ಟೇ ಕಳೆದುಕೊಂಡವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟು ಕಡಿಮೆ ಇತ್ತು. ಮೂಳೆಯ ಗಟ್ಟಿತನ ಬರೀ ಸಾಂದ್ರತೆಯಲ್ಲಿಲ್ಲ. ಒಳಗಿನ ಜಾಲರಿ ಎಷ್ಟು ಕಡೆ ಕಡಿದಿದೆ, ಎಷ್ಟು ವೇಗವಾಗಿ ಕೆರೆದುಹೋಗುತ್ತಿದೆ ಅನ್ನೋದರಲ್ಲೂ ಇದೆ.

ಇದಕ್ಕೆ ಉಲ್ಟಾ ಉದಾಹರಣೆ ನಮ್ಮ ಮನೆಯಲ್ಲೇ ಇತ್ತು, ಹೊಳೆದಿರಲಿಲ್ಲ. ನಮ್ಮ ಸೋದರಮಾವ. ಚಿಂತಾಮಣಿ, ಬಾಗೇಪಲ್ಲಿ, ಪಾವಗಡದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರುವುದು ನಿಮಗೆ ಗೊತ್ತಿರಬಹುದು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಎಷ್ಟೋ ಹಳ್ಳಿಗಳಲ್ಲಿ ದಾಟಿದೆ. ವರ್ಷಗಟ್ಟಲೆ ಅದನ್ನೇ ಕುಡಿದ ಮಾವನ ಎಕ್ಸ್-ರೇ ನೋಡಿದರೆ ಮೂಳೆ ಸುಣ್ಣ ಬಳಿದಂತೆ ಬೆಳ್ಳಗಿದೆ. ಸಾಂದ್ರತೆಗೆ ಮಾರ್ಕ್ಸು ಕೊಡುವುದಾದರೆ ಮಾವನಿಗೆ ಡಿಸ್ಟಿಂಕ್ಷನ್. ಆದರೆ ಕತ್ತು ತಿರುಗುವುದಿಲ್ಲ, ಬೆನ್ನು ಬಗ್ಗುವುದಿಲ್ಲ.

ಇದೇ ಫ್ಲೋರೈಡನ್ನು ಒಂದು ಕಾಲದಲ್ಲಿ ಆಸ್ಟಿಯೋಪೊರೋಸಿಸ್‌ಗೆ ಔಷಧಿಯಾಗಿ ಕೊಡುತ್ತಿದ್ದರು ಅಂದರೆ ನಂಬುತ್ತೀರಾ? ಅಮೆರಿಕದ ಮೇಯೋ ಕ್ಲಿನಿಕ್ಕಿನ ಲಾರೆನ್ಸ್ ರಿಗ್ಸ್ ಮತ್ತು ಸಂಗಡಿಗರು 202 ಹೆಂಗಸರ ಮೇಲೆ ನಾಲ್ಕು ವರ್ಷ ಪ್ರಯೋಗ ಮಾಡಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಫ್ಲೋರೈಡ್ ತಗೊಂಡವರ ಬೆನ್ನಿನ ಸಾಂದ್ರತೆ ಶೇಕಡಾ 35 ಏರಿತ್ತು. ಮೂವತ್ತೈದು! ಸ್ಕ್ಯಾನ್ ನೋಡಿದವರು ಸಿಹಿ ಹಂಚಬೇಕಿತ್ತು. ಆದರೆ ಬೆನ್ನುಮೂಳೆಯ ಮುರಿತ ಗಮನಿಸುವಷ್ಟು ಕಡಿಮೆಯಾಗಲಿಲ್ಲ. ಉಳಿದ ಮೂಳೆಗಳ ಮುರಿತ ಇನ್ನೊಂದು ಗುಂಪಿನಲ್ಲಿ 24 ಆದರೆ ಇವರಲ್ಲಿ 72 ಆಯಿತು. ಬೀಡು ಕಬ್ಬಿಣ ನೋಡೋಕೆ ಎಷ್ಟು ತೂಕ, ಬಿದ್ದರೆ ಎರಡು ಹೋಳು. ಒಂದು ಕಡೆ ಅಂಕಿ ಏರಿಸಿ ಮೂಳೆ ಮುರಿದ ಔಷಧಿ, ಇನ್ನೊಂದು ಕಡೆ ಅಂಕಿ ಏರಿಸದೆ ಮೂಳೆ ಕಾಯುವ ಔಷಧಿ. ನಾವು ಎರಡು ವರ್ಷ ಕಾದು ಕೂತಿದ್ದು ಅಂಕಿಗಾಗಿ. ನಮಗೆ ಬೇಕಾಗಿದ್ದದ್ದು ಮುರಿಯದ ಮೂಳೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿದಳು. "ಅಂದ್ರೆ ಔಷಧಿ ಕೆಲಸ ಮಾಡ್ತಿದೆಯೋ ಇಲ್ವೋ ಗೊತ್ತಾಗೋದು ಹೇಗೆ?" ಅಂದಳು. ನಾಲ್ಕು ಲೇಖನ ಓದಿದ ನನಗಿಂತ ನೇರವಾದ ಪ್ರಶ್ನೆ.

ಡಾಕ್ಟರ ಹತ್ತಿರ ಅದನ್ನೇ ಕೇಳಿದಳು. ಅವರು ಮೊದಲು ಅಮ್ಮನ ಎತ್ತರ ಅಳೆದರು (ಬಾಗಿಲ ಗೆರೆಯ ವಿಷಯ ಅವರಿಗೆ ಹೇಳಲಿಲ್ಲ, ಅಮ್ಮ ಕಣ್ಣು ಬಿಟ್ಟಳು). ಆಮೇಲೆ ಹೇಳಿದ್ದಿಷ್ಟು. ಅಂತರರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಪ್ರತಿಷ್ಠಾನದ ತಜ್ಞರು 2012ರಲ್ಲಿ ಬರೆದಿಟ್ಟ ಪ್ರಕಾರ, ಔಷಧಿ ಸೋತಿದೆ ಅನ್ನಬೇಕಾದರೆ ಅದನ್ನು ತಗೊಳ್ಳುತ್ತಿರುವಾಗಲೇ ಎರಡು ಅಥವಾ ಹೆಚ್ಚು ಮೂಳೆ ಮುರಿದಿರಬೇಕು. ಒಂದೇ ಮುರಿದಿದ್ದರೆ ಅದರ ಜೊತೆಗೆ ರಕ್ತದ ಗುರುತುಗಳು ಇಳಿಯದಿರುವುದೋ, ಸಾಂದ್ರತೆ ಲೆಕ್ಕಕ್ಕೆ ಸಿಗುವಷ್ಟು ಇಳಿದಿರುವುದೋ ಇರಬೇಕು. ಮುರಿತವೇ ಇಲ್ಲದಿದ್ದರೆ ಇವೆರಡೂ ಒಟ್ಟಿಗೆ ಇರಬೇಕು. ಸ್ಕ್ಯಾನಿನಲ್ಲಿ ಏರಲಿಲ್ಲ ಅನ್ನೋದೊಂದೇ ಸೋಲಲ್ಲ. "ನಿಮಗೆ ಎರಡು ವರ್ಷದಲ್ಲಿ ಏನಾದರೂ ಮುರಿದಿದೆಯಾ ಅಮ್ಮಾ?" ಇಲ್ಲ. "ಮತ್ತೆ?"

ಆದರೆ ಸುಮ್ಮನೂ ಬಿಡಲಿಲ್ಲ. ಮಾತ್ರೆ ಹೇಗೆ ನುಂಗುತ್ತೀರಿ, ಕ್ಯಾಲ್ಸಿಯಂ ಮಾತ್ರೆ ಯಾವ ಹೊತ್ತಿಗೆ ಅಂತ ಒಂದೊಂದೇ ಕೇಳಿದರು. ಥೈರಾಯ್ಡ್, ಪ್ಯಾರಾಥೈರಾಯ್ಡ್, ಕಿಡ್ನಿ, ವಿಟಮಿನ್ ಡಿ, ಜೊತೆಗೆ ಸಿಟಿಎಕ್ಸ್ ಅನ್ನೋ ರಕ್ತಪರೀಕ್ಷೆ ಬರೆದರು. ಮೂಳೆ ಕರಗುವಾಗ ರಕ್ತಕ್ಕೆ ಸೇರುವ ಚೂರುಗಳನ್ನು ಎಣಿಸುವ ಪರೀಕ್ಷೆ ಅದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಕೊಡಬೇಕು. ಸಿಟಿಎಕ್ಸ್ ಶುರುವಿನಲ್ಲಿದ್ದದ್ದಕ್ಕಿಂತ ಇಳಿದಿತ್ತು, ಆದರೆ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ವಿಟಮಿನ್ ಡಿ 14 ಇತ್ತು, 20ಕ್ಕಿಂತ ಕಡಿಮೆ ಇದ್ದರೆ ಕೊರತೆ. ಮೂರನೇ ಮಹಡಿಯಾದರೂ ನಾಲ್ಕೂ ಕಡೆ ಬಿಲ್ಡಿಂಗು, ನಮ್ಮ ಮನೆಯೊಳಗೆ ಬಿಸಿಲು ಅಂತ ಬರುವುದು ಪಕ್ಕದ ಗಾಜಿನಿಂದ ಚಿಮ್ಮಿದ್ದು ಮಾತ್ರ. ಸುಡುಬಿಸಿಲಿನ ತಿರುಪತಿಯ ಸುತ್ತಮುತ್ತಲ ಆರೋಗ್ಯವಂತರಲ್ಲೇ ಡಿ ಕೊರತೆ ಎಷ್ಟಿದೆ ಅಂತ 2007ರ ಅಧ್ಯಯನವೊಂದು ತೋರಿಸಿದೆ, ಇನ್ನು ಕಗ್ಗದಾಸಪುರದ್ದೇನು ಹೇಳೋದು.

ಮುಂದೇನು ಅಂತ ಮೂರು ದಾರಿ ಇಟ್ಟರು. ಡಿ ಸರಿಮಾಡಿಕೊಂಡು ಅದೇ ಮಾತ್ರೆ ಮುಂದುವರಿಸುವುದು. ಅದೇ ಬಳಗದ ಜೊಲೆಡ್ರೊನಿಕ್ ಆಸಿಡ್ 5 ಮಿಲಿಗ್ರಾಂ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ತಗೊಳ್ಳುವುದು, ನೇರ ರಕ್ತಕ್ಕೇ ಹೋಗುವುದರಿಂದ ಹೊಟ್ಟೆಯ ತಕರಾರಿಲ್ಲ. ಮೂರನೆಯದು ಟೆರಿಪ್ಯಾರಟೈಡ್, ಇದು ನಿಜವಾದ ಮೇಸ್ತ್ರಿ, ಹೊಸ ಮೂಳೆ ಕಟ್ಟುವುದು. ಆದರೆ ದಿನಾ ಚುಚ್ಚಿಕೊಳ್ಳಬೇಕು, ಫ್ರಿಜ್ಜಿನಲ್ಲಿಡಬೇಕು, ದುಡ್ಡೂ ಜಾಸ್ತಿ. ಅದನ್ನು ಮುರಿತವೇನಾದರೂ ಆದರೆ ನೋಡೋಣ ಅಂದರು. ಜೊಲೆಡ್ರೊನಿಕ್ ಬಗ್ಗೆ 2007ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಮೂರು ವರ್ಷದಲ್ಲಿ ಬೆನ್ನುಮೂಳೆಯ ಮುರಿತ ಶೇಕಡಾ 70, ಸೊಂಟದ ಮುರಿತ ಶೇಕಡಾ 41 ಕಡಿಮೆಯಾಗಿತ್ತು.

"ಡ್ರಿಪ್ ಹಾಕಿಸಿಕೊಂಡ್ರೆ ಭಾನುವಾರ ಎದ್ದ ತಕ್ಷಣ ಕಾಫಿ ಕುಡೀಬಹುದಾ?" ಅಂತ ಅಮ್ಮ ಕೇಳಿದಳು. ಕುಡೀಬಹುದು ಅಂದರು. ತೀರ್ಮಾನ ಆಗಿಹೋಯ್ತು :)

ಕೆಲವು ವಾರ ಡಿ ಪುಡಿ ಹಾಲಿನಲ್ಲಿ ಕಲಸಿ ಕುಡಿದು, ಕಿಡ್ನಿ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡು, 2025ರ ಏಪ್ರಿಲ್‌ನಲ್ಲಿ ಡ್ರಿಪ್ ಹಾಕಿಸಿದೆವು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಮಾರನೇ ದಿನ ಮೈಕೈ ನೋವು, ಜ್ವರ. ಮೊದಲ ಸಲ ಹಾಗಾಗುವುದು ಸಾಮಾನ್ಯ ಅಂತ ಮೊದಲೇ ಹೇಳಿದ್ದರು, ಹಾಗಾಗಿ ಗಾಬರಿಯಾಗಲಿಲ್ಲ. ಎರಡು ದಿನಕ್ಕೆ ಬಿಟ್ಟಿತು.

ಅಮ್ಮನ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಕೆಲಸ ಮಾಡ್ತಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ? 1996ರಲ್ಲಿ ಬಂದ ಅಲೆಂಡ್ರೊನೇಟ್ ಪ್ರಯೋಗದ ಲೆಕ್ಕ ನೋಡಿ. ಮೊದಲೇ ಬೆನ್ನುಮೂಳೆ ಕುಸಿದಿದ್ದ ಎರಡು ಸಾವಿರ ಚಿಲ್ಲರೆ ಹೆಂಗಸರು. ಸುಮಾರು ಮೂರು ವರ್ಷದಲ್ಲಿ ಸುಳ್ಳು ಮಾತ್ರೆಯವರಲ್ಲಿ ನೂರಕ್ಕೆ 15 ಜನರಿಗೆ ಹೊಸದಾಗಿ ಬೆನ್ನುಮೂಳೆ ಕುಸಿಯಿತು, ನಿಜವಾದ ಮಾತ್ರೆಯವರಲ್ಲಿ 8 ಜನರಿಗೆ. ಹತ್ತಿರ ಹತ್ತಿರ ಅರ್ಧ. ದೊಡ್ಡ ಗೆಲುವೇ. ಆದರೆ ನೂರರಲ್ಲಿ 85 ಜನಕ್ಕೆ ಮಾತ್ರೆ ಇಲ್ಲದೆಯೂ ಏನೂ ಆಗುತ್ತಿರಲಿಲ್ಲ, 8 ಜನಕ್ಕೆ ಮಾತ್ರೆ ಇದ್ದೂ ಆಯಿತು. ಮಾತ್ರೆ ಕಾಪಾಡಿದ್ದು ನಡುವಿನ ಏಳು ಜನರನ್ನು. ಆ ಏಳು ಜನ ಯಾರು ಅಂತ ಅವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ನಮ್ಮ ಆಫೀಸಿನಲ್ಲಿ ರಾತ್ರಿಯೆಲ್ಲ ಸರ್ವರ್ ಕಾಯುವ ಹುಡುಗರಿದ್ದಾರೆ. ಅದು ಬಿದ್ದ ದಿನ ಎಲ್ಲರೂ ಅವರನ್ನು ಹುಡುಕಿಕೊಂಡು ಬರುತ್ತಾರೆ. ಬೀಳದ ದಿನ ಅವರು ಇದ್ದಾರೆ ಅನ್ನೋದೇ ಯಾರಿಗೂ ನೆನಪಿರುವುದಿಲ್ಲ. ಅಮ್ಮನ ಔಷಧಿಯದೂ ಅದೇ ಪಾಡು. ಆಗದೇ ಹೋದ ಮುರಿತವನ್ನು ಯಾವ ಸ್ಕ್ಯಾನಿನಲ್ಲಿ ತೋರಿಸೋದು? ಅಮ್ಮ ಆ ಏಳರಲ್ಲಿ ಒಬ್ಬಳೋ ಅಲ್ಲವೋ ನಮಗೆ ಯಾವತ್ತೂ ತಿಳಿಯುವುದಿಲ್ಲ. ತಿಳಿಯದೆಯೇ ತಗೊಳ್ಳಬೇಕು. ಬೇಜಾರಾಗುತ್ತೆ, ನಿಜ. ಆದರೆ ಬೇಜಾರಿಗೆ ಬಿಟ್ಟುಬಿಟ್ಟರೆ ಹದಿನೈದರ ಗುಂಪಿಗೆ ನಾವೇ ನಡೆದುಕೊಂಡು ಹೋದ ಹಾಗೆ.

ಕಣ್ಣಿಗೆ ಕಾಣುವ ಕೆಲಸಗಳೂ ಇವೆ, ಅವು ಸಮಾಧಾನ ಕೊಡುತ್ತವೆ. ಟೊಳ್ಳಾದ ಮೂಳೆ ತಾನಾಗಿ ಮುರಿಯುವುದಕ್ಕಿಂತ ಬಿದ್ದು ಮುರಿಯುವುದೇ ಹೆಚ್ಚು. ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಸ್ಟೀಲ್ ಕಂಬಿ ಹಾಕಿಸಿದೆ (ಓನರ್ ಟೈಲ್ಸ್ ಒಡೀತೀರಾ ಅಂತ ಗೊಣಗಿದರು, ಅವರ ತಾಯಿಯ ವಯಸ್ಸು ಕೇಳಿದೆ, ಸುಮ್ಮನಾದರು). ರಾತ್ರಿ ಉರಿಯುವ ಸಣ್ಣ ಬಲ್ಬು ಬಂತು. ಸವೆದ ಹವಾಯಿ ಚಪ್ಪಲಿ ಹೋಗಿ ಪಟ್ಟಿ ಇರುವ ಚಪ್ಪಲಿ ಬಂತು. ಸೊಂಟ ಬಗ್ಗಿಸಿ ಭಾರ ಎತ್ತಬಾರದು ಅಂದಿದ್ದಾರೆ, ಹಾಗಾಗಿ ಬಕೆಟ್ ಎತ್ತುವುದು ನನ್ನ ಖಾತೆ. ರಂಗೋಲಿಯನ್ನು ಮಾತ್ರ ಬಿಡುವುದಿಲ್ಲ ಅಂದಳು, ಈಗ ಪುಟ್ಟ ಸ್ಟೂಲಿನ ಮೇಲೆ ಕೂತು ಹಾಕುತ್ತಾಳೆ. ಬೆಳಿಗ್ಗೆ ಟೆರೇಸಿನಲ್ಲಿ ಬಿಸಿಲಿಗೆ ಅರ್ಧ ಗಂಟೆ ನಡಿಗೆ. ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು. ಹತ್ತು ಈಗ ಹದಿನೈದಾಗಿದೆ. ಈ ಪರೀಕ್ಷೆಯಲ್ಲಿ ಅಮ್ಮನಿಗೆ ಪ್ಲಸ್ ಮಾರ್ಕ್ಸೇ.

ಮುಂದಿನ ಸ್ಕ್ಯಾನು 2027ರಲ್ಲಿ. ಏರಿದರೆ ಸಂತೋಷ. ಏರದಿದ್ದರೆ ಈ ಪೋಸ್ಟನ್ನೇ ತೆಗೆದು ಮತ್ತೊಮ್ಮೆ ಓದಿಕೊಳ್ಳುತ್ತೇನೆ, ಅದಕ್ಕೆಂದೇ ಇಷ್ಟುದ್ದ ಬರೆದೆ.

ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಅಮ್ಮ, ದೊಡ್ಡಮ್ಮ, ಅತ್ತೆ ಯಾರಿಗಾದರೂ ಬೇಗ ಗರ್ಭಕೋಶ ತೆಗೆಸಿದ್ದರೆ, ಸುಮ್ಮನೆ ಜಾರಿಬಿದ್ದು ಕೈ ಮುರಿದಿದ್ದರೆ, ಹಳೆಯ ಫೋಟೋಗಿಂತ ಕುಳ್ಳಗಾಗಿದ್ದಾರೆ ಅನ್ನಿಸಿದರೆ ಒಮ್ಮೆ ಡಾಕ್ಟರಿಗೆ ತೋರಿಸಿ. ಮತ್ತೆ ಇದೇ ಮಾತ್ರೆ ತಗೊಂಡು ನಮ್ಮ ಹಾಗೇ ಸಪ್ಪೆ ಮೋರೆ ಹಾಕಿಕೊಂಡು ಬಂದವರಿದ್ದರೆ ಏನು ಮಾಡಿದಿರಿ ಅಂತ ಇಲ್ಲಿ ಬರೆಯಿರಿ. ಅಮ್ಮನಿಗೆ ಓದಿ ಹೇಳ್ತೀನಿ. ತನ್ನೊಬ್ಬಳಿಗೇ ಹೀಗೆ ಅಂತ ಅವಳು ಈಗಲೂ ಅಂದುಕೊಂಡಿದ್ದಾಳೆ.